ಶರೀರಕ್ರಿಯಾಶಾಸ್ತ್ರದ ಅಧ್ಯಯನವೂ ಜೀವದಯೆಯೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಮಠದ ಮಹೋತ್ಸವಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲ ಮುಂತಾದ ವಿಷಯಗಳನ್ನು ಕುರಿತು ಉಪನ್ಯಾಸಗಳಾಗುವುದು ವಾಡಿಕೆ. ಅವುಗಳ ನಡುವೆ, ವಿಶ್ವವಿದ್ಯಾನಿಲಯಗಳಲ್ಲಿ ಮಾನವಶರೀರದ ವ್ಯಾಪಾರಗಳನ್ನು ಯಾವ ಬಗೆಯಲ್ಲಿ ಕಲಿಸುತ್ತಾರೆಂಬ ವಿಷಯವು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಭಕ್ತರ ಮನೆಗಳಿಂದ ವೈದ್ಯವಿದ್ಯೆಗೆ ಹೋಗುವ ಮಕ್ಕಳ ಸಂಖ್ಯೆಯು ಈಗ ಅಲ್ಪವಲ್ಲ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಹುಡುಗನು ಮೊದಲನೆಯ ವರ್ಷದಲ್ಲಿಯೇ ಶರೀರಕ್ರಿಯಾಶಾಸ್ತ್ರದ ಪ್ರಯೋಗಶಾಲೆಯನ್ನು ಹೊಗುತ್ತಾನೆ. ಅಲ್ಲಿ ಕಪ್ಪೆಯನ್ನು ಕೊಯ್ಯಬೇಕಾದೀತೋ ಏನೋ ಎಂದು ಮನೆಯ ಹಿರಿಯರು ಅಳುಕುವುದೂ, ಮಠಕ್ಕೆ ಬಂದಾಗ ಅದನ್ನು ಕೇಳುವುದೂ ಉಂಟು. ಧರ್ಮಕ್ಕೆ ದಯೆಯನ್ನೇ ಆಧಾರವೆಂದು ಬಗೆದ ಪರಂಪರೆಯವರಿಗೆ ಈ ಅಳುಕು ಸಹಜವಾದುದು. ಅದನ್ನು ಅಜ್ಞಾನವೆಂದು ನಕ್ಕುಬಿಡುವುದು ಉಚಿತವಲ್ಲ. ಇದೇ ಪ್ರಶ್ನೆಯು ಇಂಗ್ಲೆಂಡಿನ ನ್ಯಾಯಸ್ಥಾನವನ್ನೂ ಪಾರ್ಲಿಮೆಂಟನ್ನೂ ಹತ್ತಿತ್ತೆಂಬುದನ್ನು ಬಲ್ಲವರು ಕಡಮೆ. ಆ ವೃತ್ತಾಂತವನ್ನು ಇಲ್ಲಿ ತುಸು ವಿಸ್ತಾರವಾಗಿ ನಿರೂಪಿಸಲಾಗುವುದು.

ಪ್ರಥಮತಃ ಶಾಸ್ತ್ರದ ಸ್ವರೂಪ. ಅಂಗರಚನಾಶಾಸ್ತ್ರವು ದೇಹದ ಕಟ್ಟಡವನ್ನು ತಿಳಿಸುತ್ತದೆ. ಅದಕ್ಕೆ ಶವವು ಸಾಕು. ಇಂಗ್ಲಿಷಿನಲ್ಲಿ ಫಿಜಿಯಾಲಜಿಯೆಂದು ಕರೆಯುವ ಶರೀರಕ್ರಿಯಾಶಾಸ್ತ್ರವಾದರೋ ದೇಹದ ನಡೆಯನ್ನು ತಿಳಿಸತಕ್ಕದ್ದು. ಅದಕ್ಕೆ ಜೀವವಿರುವ ದೇಹವೇ ಬೇಕು. ನೇಕಾರನಿಲ್ಲದ ಮಗ್ಗವನ್ನು ಎಷ್ಟು ಬಿಚ್ಚಿ ನೋಡಿದರೂ ಲಾಳಿಯು ಹಾಯುವ ಕ್ರಮವು ತಿಳಿಯದಷ್ಟೆ. ಹೃದಯವು ದಿನವೊಂದಕ್ಕೆ ಹೆಚ್ಚುಕಡಮೆ 1 ಲಕ್ಷ ಸಲ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ಮಿನಿಟಿಗೆ ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ಮೂತ್ರಪಿಂಡಗಳೆರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಮಿಕ್ಕುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸುತ್ತವೆ. ಇಂಥ ಸಂಗತಿಗಳಾವುವೂ ಶವದಲ್ಲಿ ಕಾಣತಕ್ಕವಲ್ಲ. ಈ ಶಾಸ್ತ್ರದ ಹಿರಿಮೆಯೂ ಇದರ ಸಂಕಟವೂ ಒಂದೇ ಕಡೆಯಿಂದ ಹುಟ್ಟಿದುವು.

ಬಹುಕಾಲದವರೆಗೆ ಇದರ ಬೋಧನೆಯು ಕೇವಲ ಮಾತಿನ ಬೋಧನೆಯಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1836ರಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡ ವಿಲಿಯಂ ಶಾರ್ಪಿಯವರು ಮಹಾವಿದ್ವಾಂಸರು, ಶಿಷ್ಯವತ್ಸಲರು. ಆದರೆ ಅವರ ಕೈಯಲ್ಲಿ ಪ್ರಯೋಗಶಾಲೆಯಿರಲಿಲ್ಲ. ಜರ್ಮನಿಯ ಕಾರ್ಲ್ ಲುಡ್ವಿಗ್‌ರವರು 1847ರ ಸುಮಾರಿಗೆ ಕೈಮೋಗ್ರಾಫ್ ಎಂಬ ಉಪಕರಣವನ್ನು ನಿರ್ಮಿಸಿದ್ದರು. ತಿರುಗುವ ಉರುಳೆಯೊಂದಕ್ಕೆ ಕಾಗದವನ್ನು ಸುತ್ತಿ, ದೀಪದ ಹೊಗೆಯಿಂದ ಅದಕ್ಕೆ ಕಾಡಿಗೆಯನ್ನು ಹಿಡಿಸಿದರೆ, ಅದರ ಮೇಲೆ ಮುಳ್ಳೊಂದು ರಕ್ತದ ಒತ್ತಡದ ಏರಿಳಿತವನ್ನು ಬಿಳಿಗೆರೆಯಾಗಿ ತಾನೇ ಬರೆಯುತ್ತಿತ್ತು. ಅದನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಬೇಕಾದಾಗ ಶಾರ್ಪಿಯವರು ತಮ್ಮ ಎತ್ತರದ ಟೋಪಿಯನ್ನು ಮೇಜಿನ ಮೇಲಿಟ್ಟು ಮೆಲ್ಲಮೆಲ್ಲನೆ ತಿರುಗಿಸಿ ತೋರಿಸುತ್ತಿದ್ದರೆಂದು ಅವರ ಶಿಷ್ಯರೇ ಮುಂದೆ ನೆನೆದುಕೊಂಡಿದ್ದಾರೆ. ಟೋಪಿಯನ್ನು ನೋಡಿ ಕಲಿತವರಲ್ಲಿಯೂ ಕೆಲವರು ಪಂಡಿತರಾದುದು ಗುರುವಿನ ಮಹಿಮೆಯೇ ಹೊರತು ಕ್ರಮದ ಮಹಿಮೆಯಲ್ಲ.

ಲುಡ್ವಿಗ್‌ರವರ ಕ್ರಮವೇ ಬೇರೆ. 1869ರಲ್ಲಿ ಲೈಪ್‌ಜಿಗ್ ನಗರದಲ್ಲಿ ಅವರ ವಿದ್ಯಾಸಂಸ್ಥೆಯು ತೆರೆಯಿತು. ಪದವಿಯನ್ನು ಮುಗಿಸಿದ ತರುಣರು ಯೂರೋಪಿನಿಂದಲೂ ಅಮೆರಿಕದಿಂದಲೂ ಅಲ್ಲಿಗೆ ಬಂದು ಒಬ್ಬೊಬ್ಬರೂ ಒಂದೊಂದು ಪ್ರಶ್ನೆಯನ್ನು ಹಿಡಿದು ಸ್ವಹಸ್ತದಿಂದ ಶೋಧಿಸುತ್ತಿದ್ದರು. ಗುರುಗಳು ಪ್ರಶ್ನೆಯನ್ನು ಕೊಟ್ಟು, ಪ್ರಯೋಗದಲ್ಲಿ ಕೈಗೂಡಿಸಿ, ಎಷ್ಟೋ ಸಲ ಲೇಖನವನ್ನೂ ತಾವೇ ಬರೆದು, ಕೊನೆಗೆ ಶಿಷ್ಯನ ಹೆಸರಿನಲ್ಲಿ ಪ್ರಕಟಿಸುತ್ತಿದ್ದರು. ಶಿಷ್ಯರ ದುಡಿಮೆಗೆ ಗುರುಗಳ ಹೆಸರು ಅಂಟಿಕೊಳ್ಳುವುದು ಪಂಡಿತಲೋಕದಲ್ಲಿ ಅಪೂರ್ವವಲ್ಲ. ಇಲ್ಲಿ ಅದು ತಿರುವುಮುರುವಾಗಿದ್ದಿತು. ಅಲ್ಲಿ ಕಲಿತ ಹೆನ್ರಿ ಬೌಡಿಚ್‌ರವರು 1871ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಪ್ರಯೋಗಶಾಲೆಯನ್ನು ತೊಡಗಿಸಿದರು.

ಸ್ನಾತಕೋತ್ತರರಿಗೆ ಲೈಪ್‌ಜಿಗ್ ಮಾಡಿದುದನ್ನು ಪದವಿಗಾಗಿ ಓದುವ ಎಳೆಯರಿಗೂ ಮಾಡಿಕೊಟ್ಟವರು ಕೇಂಬ್ರಿಜ್ಜಿನ ಮೈಕೆಲ್ ಫಾಸ್ಟರ್‌ರವರು. ಶಾರ್ಪಿಯವರ ಶಿಷ್ಯರಾದ ಇವರು 1870ರಲ್ಲಿ ಅಲ್ಲಿಯ ಟ್ರಿನಿಟಿ ಕಾಲೇಜಿಗೆ ಬಂದು, ಉಪನ್ಯಾಸದೊಡನೆ ಪ್ರಯೋಗವು ಬೆಸೆದುಕೊಂಡಿರಬೇಕೆಂಬ ನಿಯಮವನ್ನು ತಂದರು. ಮಾತಿನಲ್ಲಿ ಕೇಳಿದುದನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಮಾಡಿ ಕಾಣಬೇಕು. ಲ್ಯಾಂಗ್ಲಿ, ಗ್ಯಾಸ್ಕೆಲ್, ಷೆರಿಂಗ್‌ಟನ್ ಮೊದಲಾದವರು ಆ ಗರಡಿಯಲ್ಲಿ ಪಳಗಿದವರು. ಫಾಸ್ಟರ್‌ರವರ ಸಹಾಯಕರಾಗಿದ್ದ ಹೆನ್ರಿ ನ್ಯೂವೆಲ್ ಮಾರ್ಟಿನ್‌ರವರು 1876ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಈ ಪದ್ಧತಿಯನ್ನು ಅಲ್ಲಿ ನೆಟ್ಟರು. ದಾಸೋಹದ ಬೆಲೆಯನ್ನು ಬಲ್ಲ ಈ ಸಭೆಗೆ ಇನ್ನೊಂದು ಸಂಗತಿಯು ಹಿತವಾದೀತು: ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಪ್ರಸಿದ್ಧ ಕಾದಂಬರಿಕಾರ್ತಿಯು, ತನ್ನ ಬಾಳಿನ ಜತೆಗಾರ ಜಾರ್ಜ್ ಹೆನ್ರಿ ಲೂಯಿಸರು ತೀರಿಕೊಂಡ ಮೇಲೆ, 1879ರಲ್ಲಿ ಅವರ ಸ್ಮರಣಾರ್ಥವಾಗಿ ಶರೀರಕ್ರಿಯಾಶಾಸ್ತ್ರದ ಶೋಧಕರಿಗೆ ಒಂದು ವಿದ್ಯಾರ್ಥಿವೇತನವನ್ನು ಕಟ್ಟಿಕೊಟ್ಟಳು. ಆ ವೇತನವನ್ನು ಪಡೆದವರಲ್ಲಿ ಒಬ್ಬ ತರುಣನು ಮುಂದಿನ ಕಥೆಯಲ್ಲಿ ಮತ್ತೆ ಕಾಣಿಸಿಕೊಳ್ಳುವನು.

ಕೈಯಿಂದ ಮಾಡಿ ಕಲಿಯುವುದೆಂದರೆ ಸಜೀವ ಪ್ರಾಣಿಯ ಮೇಲೆ ಕೈಮಾಡುವುದೂ ಆಯಿತು. ಇಂಗ್ಲೆಂಡಿನ ಜನರ ಕಳವಳದಿಂದಾಗಿ 1876ರಲ್ಲಿ ಪಾರ್ಲಿಮೆಂಟು ಪ್ರಾಣಿಹಿಂಸಾ ಕಾಯಿದೆಯನ್ನು ಮಾಡಿತು. ಪ್ರಯೋಗ ಮಾಡುವವನಿಗೆ ಪರವಾನಗಿಯಿರಬೇಕು, ಪ್ರಾಣಿಗೆ ಅರಿವಳಿಕೆಯನ್ನು ಕೊಡಬೇಕು, ಎಚ್ಚರವಾಗುವುದಕ್ಕೆ ಮುಂಚೆ ಅದನ್ನು ಕೊಲ್ಲಬೇಕು. ಇವುಗಳಿಂದ ವಿನಾಯಿತಿ ಬೇಕಾದವರು ಬೇರೆ ಅನುಮತಿಪತ್ರಗಳನ್ನು ಪಡೆಯಬೇಕು. ಕಾಯಿದೆಯೇನೋ ಆಯಿತು, ಪಾಠದ ಕೋಣೆಯ ಬಾಗಿಲೊಳಗೆ ನಡೆಯುವುದನ್ನು ಹೊರಗಿನವರು ಕಾಣುವ ಬಗೆ ಹೇಗೆ?

ಸ್ವೀಡನ್ ದೇಶದ ಇಬ್ಬರು ತರುಣಿಯರು, ಲಿಜ್ಜಿ ಲಿಂಡ್ ಅಫ್ ಹಾಗೆಬಿ ಮತ್ತು ಲೈಸಾ ಶಾರ್ಟೌ, ಅದಕ್ಕೊಂದು ದಾರಿಯನ್ನು ಕಂಡುಕೊಂಡರು. ಅವರು 1902ರಲ್ಲಿ ಲಂಡನ್ನಿನ ಮಹಿಳಾ ವೈದ್ಯವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರಾಗಿ ಹೆಸರನ್ನು ಬರೆಯಿಸಿ, ಇತರ ಕಾಲೇಜುಗಳ ಉಪನ್ಯಾಸಗಳಿಗೂ ಹೋಗಿ, ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. 1903ರ ಫೆಬ್ರವರಿ ತಿಂಗಳಿನಲ್ಲಿ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್‌ರವರು ಸುಮಾರು 60 ಮಂದಿ ವಿದ್ಯಾರ್ಥಿಗಳ ಮುಂದೆ ಕಂದುಬಣ್ಣದ ನಾಯಿಯೊಂದರ ಮೇಲೆ ಪ್ರಯೋಗವನ್ನು ಮಾಡಿ ತೋರಿಸಿದರು. ನಾಯಿಯು ಅರಿವಳಿಕೆಯಲ್ಲಿರಲಿಲ್ಲ, ಒದ್ದಾಡುತ್ತಿತ್ತು ಎಂದು ಆ ತರುಣಿಯರು ಬರೆದರು. ಪ್ರಾಣಿಪ್ರಯೋಗ ವಿರೋಧಿಗಳ ನಾಯಕರಾದ ಸ್ಟೀಫನ್ ಕೋಲ್‌ರಿಜ್‌ರವರು ಅದನ್ನು ಬಹಿರಂಗ ಸಭೆಯಲ್ಲಿ ಸಾರಿದರು. ಬೇಲಿಸ್‌ರವರು ಮಾನನಷ್ಟದ ದಾವೆಯನ್ನು ಹೂಡಿದರು.

ಅದೇ ವರ್ಷದ ನವೆಂಬರಿನಲ್ಲಿ ವಿಚಾರಣೆ ನಡೆದು ಜ್ಯೂರಿಯವರು ಬೇಲಿಸ್‌ರವರ ಪಕ್ಷವನ್ನು ಎತ್ತಿಹಿಡಿದರು. 2000 ಪೌಂಡು ಪರಿಹಾರವೂ, ಅದಲ್ಲದೆ 3000 ಪೌಂಡು ಖರ್ಚೂ ಅವರಿಗೆ ಸಂದುವು. ಪರಿಹಾರದ ಹಣವನ್ನು ಅವರು ತಾವು ಇಟ್ಟುಕೊಳ್ಳದೆ ಕಾಲೇಜಿನ ಶರೀರಕ್ರಿಯಾಶಾಸ್ತ್ರ ಸಂಶೋಧನೆಗೆ ಕೊಟ್ಟುಬಿಟ್ಟರು. ಆದರೆ ವಿಚಾರಣೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಅದೇ ನಾಯಿಯ ಮೇಲೆ ಹಿಂದಿನ ಡಿಸೆಂಬರಿನಲ್ಲಿ ಬೇಲಿಸ್‌ರವರ ಸಹೋದ್ಯೋಗಿ ಅರ್ನೆಸ್ಟ್ ಸ್ಟಾರ್ಲಿಂಗ್‌ರವರು ಒಮ್ಮೆ ಶಸ್ತ್ರಕ್ರಿಯೆಯನ್ನು ಮಾಡಿದ್ದರು. ಮತ್ತೊಂದು ನಾಯಿಯನ್ನು ಬಲಿಗೊಡುವುದು ತಪ್ಪಲೆಂದು ಒಂದನ್ನೇ ಎರಡು ಸಲ ಉಪಯೋಗಿಸಿದುದಾಗಿಯೂ, ಅದು ಕಾಯಿದೆಯನ್ನು ಮೀರಿದ ನಡತೆಯೆಂದೂ ಸ್ಟಾರ್ಲಿಂಗ್‌ರವರು ನ್ಯಾಯಸ್ಥಾನದಲ್ಲಿ ಒಪ್ಪಿಕೊಂಡರು. ಪ್ರಯೋಗವು ಮುಗಿದ ಮೇಲೆ ನಾಯಿಯನ್ನು ಕೊನೆಗಾಣಿಸಿದವನು ಜಾರ್ಜ್ ಹೆನ್ರಿ ಲೂಯಿಸ್ ವೇತನದ ಮೇಲೆ ಅಲ್ಲಿಗೆ ಬಂದಿದ್ದ ತರುಣ ಹೆನ್ರಿ ಡೇಲ್. ನರಗಳು ತಮ್ಮ ಸಂದೇಶವನ್ನು ರಾಸಾಯನಿಕ ದ್ರವ್ಯದ ಮೂಲಕ ದಾಟಿಸುವುದನ್ನು ಸ್ಥಾಪಿಸಿದುದಕ್ಕಾಗಿ 1936ರ ನೊಬೆಲ್ ಪಾರಿತೋಷಕವನ್ನು ಇನ್ನೊಬ್ಬರೊಡನೆ ಹಂಚಿಕೊಂಡವರು ಇವರೇ.

ತೀರ್ಪಿನಿಂದ ಜಗಳವು ತಣಿಯಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಎಂಬಲ್ಲಿ ಆ ನಾಯಿಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಪೀಠದ ಮೇಲಿನ ಕಟು ಬರಹವನ್ನು ಸಹಿಸದ ವೈದ್ಯವಿದ್ಯಾರ್ಥಿಗಳು ಅದನ್ನು ಒಡೆಯಹೋದರು. 1907ರ ಡಿಸೆಂಬರಿನಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳು ನಗರದ ಬೀದಿಗಳಲ್ಲಿ ದೊಂಬಿಯೆಬ್ಬಿಸಿದರು. 1910ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ತೆಗೆಸಿಬಿಟ್ಟರು. 1985ರಲ್ಲಿ ಅಲ್ಲಿಯೇ ಮತ್ತೊಂದು ಪ್ರತಿಮೆಯು ಎದ್ದಿತು. ವಿದ್ಯಾವಂತರ ಪುಂಡಾಟವು ಅವಿದ್ಯಾವಂತರ ಪುಂಡಾಟಕ್ಕಿಂತ ಒಂದು ಕೂದಲೂ ಮೇಲಲ್ಲವೆಂಬುದು ಆ ದಿನಗಳ ವರದಿಗಳಿಂದ ಚೆನ್ನಾಗಿ ಮನವರಿಕೆಯಾಗುತ್ತದೆ.

ಈ ಕಥೆಯನ್ನು ಕೇಳಿದವರು ಬೇಲಿಸ್, ಸ್ಟಾರ್ಲಿಂಗ್‌ರವರನ್ನು ಕಟುಕರೆಂದು ಬಗೆದರೆ ಅನ್ಯಾಯವಾದೀತು. 1902ರಲ್ಲಿ, ಅಂದರೆ ಈ ಗಲಭೆಯ ಹಿಂದಿನ ವರ್ಷವೇ, ಇವರಿಬ್ಬರೂ ಕೂಡಿ ಸಣ್ಣ ಕರುಳಿನಿಂದ ರಕ್ತಕ್ಕಿಳಿದು ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವ ಸಿಕ್ರಿಟಿನ್ ಎಂಬ ದ್ರವ್ಯವನ್ನು ಕಂಡುಹಿಡಿದಿದ್ದರು. ಹಾರ್ಮೋನ್ ಎಂದು ಇಂದು ಮನೆಮನೆಯಲ್ಲಿ ಆಡುವ ಮಾತನ್ನು 1905ರಲ್ಲಿ ಚಾಲ್ತಿಗೆ ತಂದವರು ಸ್ಟಾರ್ಲಿಂಗ್‌ರವರೇ. ಈ ಶೋಧವು ನಾಯಿಯ ಮೇಲೆಯೇ ನಡೆದುದು. ಮುಂದೆ 1921ರಲ್ಲಿ ಕೆನಡಾ ದೇಶದ ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರಗಳಲ್ಲಿ ಆಗತಾನೆ ಪದವಿಯನ್ನು ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅಣಿಯಾಗಿದ್ದ 22 ವರ್ಷದ ಚಾರ್ಲ್ಸ್ ಬೆಸ್ಟ್ ಎಂಬುವನು ಬ್ಯಾಂಟಿಂಗ್‌ರವರಿಗೆ ಸಹಾಯಕನಾಗಿ ನಿಂತನು. ರಕ್ತದಲ್ಲಿಯ ಸಕ್ಕರೆಯನ್ನು ಅಳೆಯುವ ವಿಧಾನವನ್ನು ಆತನು ತರಗತಿಯಲ್ಲಿ ಕಲಿತಿದ್ದುದೇ ಉಪಯೋಗಕ್ಕೆ ಬಂದಿತು. ಆ ಬೇಸಗೆಯಲ್ಲಿ ಹಲವು ನಾಯಿಗಳು ಸತ್ತುವು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನು ಇನ್ಸುಲಿನ್ನಿನಿಂದ ಸಾವಿನ ಬಾಗಿಲಿನಿಂದ ಮರಳಿದನು. ಈ ಸಭೆಯಲ್ಲಿಯೂ ಆ ಔಷಧವನ್ನು ಮುಂಜಾನೆ ಚುಚ್ಚಿಕೊಂಡು ಬಂದವರು ಇದ್ದಾರು. ಆದುದರಿಂದ ಒಂದು ಪಕ್ಷವನ್ನು ಮಾತ್ರ ಹೇಳಿ ಮುಗಿಸುವುದು ಸತ್ಯಕ್ಕೆ ಒಪ್ಪುವುದಿಲ್ಲ.

ಆದರೆ ಇಲ್ಲಿ ಸೂಕ್ಷ್ಮವಾದ ಒಂದು ಭೇದವಿದೆ. ಬೆಸ್ಟನು ಮಾಡಿದುದು ಯಾರಿಗೂ ತಿಳಿಯದಿದ್ದ ವಿಷಯದ ಶೋಧ. ತರಗತಿಯಲ್ಲಿ ತೋರಿಸುವುದಾದರೋ ತಿಳಿದ ವಿಷಯದ ಮರುದರ್ಶನ. ಹೊಸ ಅರಿವಿಗಾಗಿ ಒಂದು ಜೀವವು ಹೋಗುವುದನ್ನು ಕುರಿತು ಸಜ್ಜನರಲ್ಲಿಯೂ ಭಿನ್ನಾಭಿಪ್ರಾಯವಿರಬಹುದು. ಹಳೆಯ ಅರಿವನ್ನು ಪ್ರತಿವರ್ಷವೂ ಮರಳಿ ತೋರಿಸುವುದಕ್ಕಾಗಿ ಜೀವವು ಹೋಗಬೇಕೆಂದು ಸಾಧಿಸುವುದು ಕಷ್ಟ. ಕಂದು ನಾಯಿಯ ವ್ಯಾಜ್ಯದಲ್ಲಿ ಎರಡೂ ಪಕ್ಷದವರು ಈ ಭೇದವನ್ನು ಸಾಕಷ್ಟು ಗಮನಿಸಲಿಲ್ಲವೆಂದು ತೋರುತ್ತದೆ.

ಹಾಗಾದರೆ ವಿದ್ಯಾರ್ಥಿಯು ಕಾಣುವುದೆಲ್ಲಿ? ಉತ್ತರವು ಆತನ ಮೈಯಲ್ಲಿಯೇ ಇದ್ದಿತು. 1628ರಲ್ಲಿ ರಕ್ತಸಂಚಾರವನ್ನು ಪ್ರತಿಪಾದಿಸಿದ ವಿಲಿಯಂ ಹಾರ್ವೆಯವರು ಅನೇಕ ಪ್ರಾಣಿಗಳನ್ನು ಸೀಳಿ ನೋಡಿದವರೇ ಸರಿ. ಆದರೆ ಅವರ ಗ್ರಂಥದ ಚಿತ್ರಗಳಲ್ಲಿರುವುದು ಮನುಷ್ಯನ ಮುಂಗೈ. ತೋಳಿಗೆ ಬಟ್ಟೆಯನ್ನು ಬಿಗಿದರೆ ರಕ್ತನಾಳಗಳು ಉಬ್ಬಿ ಅಲ್ಲಲ್ಲಿ ಗಂಟುಗಂಟಾಗಿ ಕವಾಟಗಳು ತೋರುತ್ತವೆ. ಬೆರಳಿನಿಂದ ನಾಳವನ್ನು ಒತ್ತಿ ಹಿಡಿದು ರಕ್ತವನ್ನು ಮೇಲಕ್ಕೆ ಸವರಿದರೆ ಆ ಭಾಗವು ಬರಿದಾಗಿಯೇ ಉಳಿಯುತ್ತದೆ. ಕವಾಟವು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಯಾವ ಜೀವಕ್ಕೂ ನೋವಿಲ್ಲದ ಈ ಪ್ರಯೋಗವನ್ನು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಿ ನೋಡಬಹುದು. ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್‌ರವರು ಪ್ರೀಸ್ಟ್‌ಲಿಯವರೊಡಗೂಡಿ 1905ರಲ್ಲಿ, ಉಸಿರಾಟದ ಹದವನ್ನು ಮುಖ್ಯವಾಗಿ ನಿಯಮಿಸುವುದು ಇಂಗಾಲಾಮ್ಲವಾಯುವೆಂದು ತೋರಿಸಿದರು. ಪ್ರಯೋಗಕ್ಕೆ ಒಳಗಾದವರು ಅವರವರೇ. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್‌ರವರೂ ತಮ್ಮ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡವರು.

ಆಗಸ್ಟಸ್ ವಾಲರ್‌ರವರು 1887ರಲ್ಲಿಯೇ ಲಂಡನ್ನಿನಲ್ಲಿ ಮನುಷ್ಯಹೃದಯದ ವಿದ್ಯುತ್ತನ್ನು ಚರ್ಮದ ಹೊರಗಿನಿಂದ ಗುರುತಿಸಿದ್ದರು. ಜಿಮ್ಮಿಯೆಂಬುದು ಅವರ ಸಾಕುನಾಯಿ. ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇರಿಸಿ, 1909ರಲ್ಲಿ ರಾಯಲ್ ಸೊಸೈಟಿಯ ಸಮಾರಂಭದಲ್ಲಿ ಹೃದಯದ ವಿದ್ಯುತ್ತನ್ನು ತೋರಿಸಿದರು. ಕಂದು ನಾಯಿಯ ಕಾವು ಇನ್ನೂ ಆರಿರಲಿಲ್ಲ. ಇದು ಹಿಂಸೆಯಲ್ಲವೇ ಎಂದು ಪಾರ್ಲಿಮೆಂಟಿನ ಸದಸ್ಯರೊಬ್ಬರು ಪ್ರಶ್ನೆಯನ್ನೆತ್ತಿದರು. ನೀರಿಗೆ ಬೆರೆಸಿದುದು ಅಡಿಗೆಯ ಉಪ್ಪೆಂದೂ, ಸಮುದ್ರದ ಅಂಚಿನಲ್ಲಿ ಕಾಲಾಡಿಸಿದವರಿಗೆ ನಾಯಿಯ ಅನುಭವವು ಎಂಥದೆಂದು ಗೊತ್ತಾಗುವುದೆಂದೂ ಗೃಹಮಂತ್ರಿ ಗ್ಲ್ಯಾಡ್‌ಸ್ಟನ್‌ರವರು ಉತ್ತರವಿತ್ತಾಗ ಸಭೆಯು ನಕ್ಕಿತು. ಅರಿವಿಗಾಗಿ ಕರೆತಂದ ಪ್ರಾಣಿಯು ಪ್ರಯೋಗವಾದ ಮೇಲೆ ಬಾಲವನ್ನಾಡಿಸುತ್ತ ಒಡೆಯನೊಡನೆ ಮನೆಗೆ ಹೋದುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ಭಾರತದಲ್ಲಿ ವೈದ್ಯಕಾಲೇಜುಗಳ ಹೊರಗೆ ಇದನ್ನು ಪದವಿಯ ವಿಷಯವನ್ನಾಗಿ ಬೆಳೆಯಿಸಿದ ಕೀರ್ತಿಯು ಕಲ್ಕತ್ತೆಯದು. ಸುಬೋಧಚಂದ್ರ ಮಹಾಲನೋಬಿಸ್‌ರವರು 1900ರಲ್ಲಿ ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಈ ವಿಭಾಗವನ್ನು ಕಟ್ಟಿದರು. ಸಂಖ್ಯಾಶಾಸ್ತ್ರಕ್ಕೆ ಹೆಸರಾದ ಪ್ರಶಾಂತಚಂದ್ರ ಮಹಾಲನೋಬಿಸ್‌ರವರು ಇವರ ಅಣ್ಣನ ಅಥವಾ ತಮ್ಮನ ಮಗ, ಅಂತೂ ಇದೇ ಮನೆತನದ ಕುಡಿ. 1957ರಲ್ಲಿ ಕಿರಿಯ ಹಾಲ್ಡೇನ್‌ರವರು ಇಂಗ್ಲೆಂಡನ್ನು ತೊರೆದು ಬಂದು ಸೇರಿದುದು ಪ್ರಶಾಂತಚಂದ್ರರ ಸಂಸ್ಥೆಯನ್ನೇ. ಹಾಲ್ಡೇನ್‌ರವರು ಭಾರತದ ಪೌರತ್ವವನ್ನು ಪಡೆದು, ಇಲ್ಲಿಯ ಅಹಿಂಸಾಭಾವಕ್ಕೆ ಒಗ್ಗುವ ರೀತಿಯಲ್ಲಿ ಜೀವಿಗಳನ್ನು ಅಭ್ಯಸಿಸುವ ಬಗೆಯನ್ನು ಕುರಿತು ಬರೆದು, 1964ರಲ್ಲಿ ಭುವನೇಶ್ವರದಲ್ಲಿ ದೇಹವಿಟ್ಟರು.

ಕನ್ನಡನಾಡಿನಲ್ಲಿ ಮೈಸೂರು ವೈದ್ಯಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದಿತು. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ವೈದ್ಯಕಾಲೇಜನ್ನು ತೆರೆಯಿತು. ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ಜೆ. ಎಸ್. ಎಸ್. ವೈದ್ಯಕಾಲೇಜನ್ನು ನಡೆಸತೊಡಗಿತು. ಅನ್ನದಾಸೋಹವನ್ನು ನಡೆಸಿದ ಮಠವೇ ದೇಹದಲ್ಲಿ ಆ ಅನ್ನವು ಏನಾಗುತ್ತದೆಂಬುದನ್ನೂ ಕಲಿಸಿತೆಂದು ವಿನೋದಕ್ಕಾಗಿ ಹೇಳಬಹುದು.

ಈ ಕಾಲೇಜುಗಳಲ್ಲಿಯೂ ಬಹುವರ್ಷಗಳವರೆಗೆ ಲುಡ್ವಿಗ್‌ರವರ ಕಾಡಿಗೆಯ ಉರುಳೆಯೇ ತಿರುಗುತ್ತಿದ್ದಿತು. ಕಪ್ಪೆಯ ಮಿದುಳುಬಳ್ಳಿಯನ್ನು ಸೂಜಿಯಿಂದ ಕೆಡಿಸಿ, ಕಾಲಿನ ಸ್ನಾಯುವನ್ನು ನರದೊಡನೆ ಬಿಡಿಸಿ, ವಿದ್ಯುತ್ತನ್ನು ಮುಟ್ಟಿಸಿ, ಅದು ಕುಗ್ಗುವ ಗೆರೆಯನ್ನು ಬರೆಯಿಸಿ, ಆ ಕಾಗದಕ್ಕೆ ಅರಗಿನ ಮೆರುಗೆಣ್ಣೆಯನ್ನು ಹಚ್ಚಿ ಒಣಗಿಸಿ ದಾಖಲೆಯ ಪುಸ್ತಕದಲ್ಲಿ ಅಂಟಿಸುವುದು ಅಂದಿನ ವೈದ್ಯರೆಲ್ಲರೂ ಬಲ್ಲ ವಿಧಿ. ಕೆಲವರಿಗೆ ಅದು ಬೆರಗಿನ ದಿನ, ಕೆಲವರಿಗೆ ಊಟ ಸೇರದ ದಿನ. 2014ರ ಸುಮಾರಿಗೆ ಭಾರತೀಯ ವೈದ್ಯಕೀಯ ಪರಿಷತ್ತು ಪ್ರಾಣಿಗಳಿಗೆ ಬದಲಾಗಿ ಗಣಕಯಂತ್ರದ ಪಾಠವನ್ನು ಅಳವಡಿಸಲು ನಿಯಮವನ್ನು ತಿದ್ದಿತು. 2019ರಲ್ಲಿ ಜಾರಿಗೆ ಬಂದ ಎಂ. ಬಿ. ಬಿ. ಎಸ್. ಪಾಠಕ್ರಮದಲ್ಲಿ ಕಪ್ಪೆಯ ಸ್ನಾಯು, ಹೃದಯಗಳ ಪ್ರಯೋಗಗಳನ್ನು ಗಣಕದ ಸಹಾಯದಿಂದ ನೋಡಿ ತಿಳಿಯತಕ್ಕದ್ದೆಂದು ಸ್ಪಷ್ಟವಾಗಿ ಬರೆದಿದೆ. ಹಿರಿಯರ ಅಳುಕಿಗೆ ಇದೇ ಉತ್ತರ.

ಆದರೂ ತೆರೆಯ ಮೇಲಿನ ಕಪ್ಪೆಯಲ್ಲಿ ಒಂದು ಕೊರತೆಯುಂಟು. ಅದು ಎಂದೂ ತಪ್ಪುವುದಿಲ್ಲ. ಗುಂಡಿಯನ್ನು ಒತ್ತಿದಾಗಲೆಲ್ಲ ಒಂದೇ ಗೆರೆಯು ಬರುತ್ತದೆ. ಜೀವವಿರುವ ದೇಹವು ಹಾಗಲ್ಲ. ಅದು ದಣಿಯುತ್ತದೆ, ಹಟಮಾಡುತ್ತದೆ, ಪುಸ್ತಕವನ್ನು ಸುಳ್ಳುಮಾಡುತ್ತದೆ. ಹಿಂಸೆಯು ತಪ್ಪಿತೆಂದು ಸಂತೋಷಪಟ್ಟು ಬಾಯಿಪಾಠಕ್ಕೆ ಮರಳಿದರೆ ಶಾರ್ಪಿಯವರ ಟೋಪಿಯನ್ನೇ ಮತ್ತೆ ಮೇಜಿನ ಮೇಲಿಟ್ಟಂತಾಯಿತು. ಹಿಂದಿನ ವರ್ಷದವರ ದಾಖಲೆಪುಸ್ತಕವನ್ನು ನೋಡಿ ನಕಲಿಳಿಸುವ ಚಾಳಿಯು ಇದರಿಂದ ಬೆಳೆಯದಿರಲಿ. ಎಂ. ಡಿ. ಪದವಿಗಾಗಿ ಮೂರು ವರ್ಷ ಈ ಶಾಸ್ತ್ರವನ್ನೇ ಓದಲು ಮನಸ್ಸುಮಾಡುವವರು ಅಲ್ಪರು. ರೋಗಿಗಳಿಂದ ಬರುವ ವರಮಾನವು ಇದರಲ್ಲಿಲ್ಲ. ಆದುದರಿಂದ ಮೊದಲ ವರ್ಷದ ಮಕ್ಕಳ ಕೈಹಿಡಿದು ಕಲಿಸುವವರ ಕಾಯಕವು ಮತ್ತಷ್ಟು ಬೆಲೆಯುಳ್ಳದ್ದಾಗಿದೆ.

ತೆರೆಯ ಕೊರತೆಯನ್ನು ತುಂಬತಕ್ಕುದು ವಿದ್ಯಾರ್ಥಿಯ ಸ್ವಂತ ದೇಹ. ಈಗಿನ ಪ್ರಯೋಗಶಾಲೆಯಲ್ಲಿ ಆತನು ಜತೆಗಾರನ ತೋಳಿಗೆ ಪಟ್ಟಿಯನ್ನು ಸುತ್ತಿ ರಕ್ತದ ಒತ್ತಡವನ್ನು ಅಳೆಯುತ್ತಾನೆ. ಮೆಟ್ಟಿಲನ್ನು ಏರಿಳಿದು ನಾಡಿಯನ್ನು ಎಣಿಸುತ್ತಾನೆ. ದೀರ್ಘವಾಗಿ ಹಲವು ಸಲ ಉಸಿರಾಡಿದ ಮೇಲೆ ಉಸಿರನ್ನು ಹೆಚ್ಚು ಹೊತ್ತು ಕಟ್ಟಬಹುದೆಂಬುದನ್ನು ತಾನೇ ಕಂಡು, ಹಾಲ್ಡೇನ್‌ರವರ ಮಾತನ್ನು ತನ್ನ ಎದೆಯಲ್ಲಿಯೇ ಪರೀಕ್ಷಿಸುತ್ತಾನೆ. ಕಾಯವನ್ನು ಹೀನವೆಂದು ತಳ್ಳದೆ ಅದನ್ನೇ ಪೂಜೆಯ ಎಡೆಯನ್ನಾಗಿ ಮಾಡಿಕೊಂಡ ಶರಣರ ಮಕ್ಕಳಿಗೆ ಈ ಕ್ರಮವು ಪರಕೀಯವೆನಿಸಲಾರದು.

ಎಲ್ಲಕ್ಕೂ ಮೊದಲು ಬರುವ ಪಾಠ ರಕ್ತಕಣಗಳ ಎಣಿಕೆ. ಬೆರಳಿನ ತುದಿಯನ್ನು ಸ್ಪಿರಿಟ್ಟಿನಿಂದ ಒರಸಿ ಸೂಜಿಯಿಂದ ಚುಚ್ಚಬೇಕು. ಆ ಬೆರಳು ವಿದ್ಯಾರ್ಥಿಯದೇ. ಕೆಲವರು ಕಣ್ಣು ಮುಚ್ಚುತ್ತಾರೆ, ಒಬ್ಬಿಬ್ಬರು ತಲೆಸುತ್ತಿ ಕುಳಿತುಬಿಡುವುದೂ ಉಂಟು. ಹನಿಯನ್ನು ಸಣ್ಣ ಕೊಳವೆಯ ಅರ್ಧದ ಗೆರೆಯವರೆಗೆ ಎಳೆದು, 101ರ ಗೆರೆಯವರೆಗೆ ದ್ರವವನ್ನು ತುಂಬಿದರೆ ರಕ್ತವು 200 ಪಾಲಿಗೆ ತೆಳುವಾಗುತ್ತದೆ. ಅದರ ಒಂದು ತೊಟ್ಟನ್ನು ಗೆರೆಕೊರೆದ ಗಾಜಿನ ಮೇಲೆ ಹರಿಯಿಸಿ, ಸೂಕ್ಷ್ಮದರ್ಶಕದಲ್ಲಿ 80 ಪುಟ್ಟ ಚೌಕಗಳೊಳಗಿನ ಕೆಂಪುಕಣಗಳನ್ನು ಒಂದೊಂದಾಗಿ ಎಣಿಸಿ, ಬಂದ ಸಂಖ್ಯೆಯನ್ನು 10,000ದಿಂದ ಗುಣಿಸಬೇಕು. 500 ಬಂದರೆ ಒಂದು ಘನ ಮಿಲಿಮೀಟರಿನಲ್ಲಿ 50 ಲಕ್ಷ. ಪಕ್ಕದ ಮೇಜಿನವನಿಗೆ 480 ಬಂದಿರುತ್ತದೆ, ಆಚೆಯವಳಿಗೆ 430. ಗುರುಗಳು ಬಂದು ನೋಡಿ, ಇನ್ನೊಮ್ಮೆ ಎಣಿಸೆಂದು ಹೇಳಿ ಮುಂದಿನ ಮೇಜಿಗೆ ನಡೆಯುತ್ತಾರೆ.